ಎತ್ತರದ ಹುಡುಗ, ಎಡಗಡೆಯ ಸೆಂಟರ್ ಬ್ಯಾಕ್: ಒಂದು ಪ್ರಕರಣ ಅಧ್ಯಯನ

ಹುಡುಗನಿಗೆ 13 ವರ್ಷ. 14 ವರ್ಷದೊಳಗಿನವರ ಫುಟ್‌ಬಾಲ್ ತಂಡದಲ್ಲಿ ಸೆಂಟರ್ ಬ್ಯಾಕ್, ಅಂದರೆ ತನ್ನ ಗೋಲಿನ ಮುಂದೆ ನಡುವೆ ನಿಂತು ಕಾಯುವವನು. ಗಾಳಿಯಲ್ಲಿ ಬರುವ ಚೆಂಡನ್ನು ಗೆಲ್ಲುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಓಟವೂ ಪರವಾಗಿಲ್ಲ. ಆದರೆ ಅವನ ಕಾಲಿಗೆ ಚೆಂಡು ಬಂತೆಂದರೆ ಕೋಚ್‌ಗೆ ಎದೆ ಢವಢವ. ಎದುರಾಳಿ ಎರಡು ಹೆಜ್ಜೆ ಹತ್ತಿರ ಬಂದರೆ ಸಾಕು, ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಾನೆ. ಒದೆಯಲು ಸಮಯ ಸಿಗದಿದ್ದರೆ ತಡವರಿಸುತ್ತಾನೆ. ಕೆಲವೊಮ್ಮೆ ಯಾರೂ ಮುಟ್ಟದೆಯೇ ಬೀಳುತ್ತಾನೆ.

ಎಳೆಯ ಆಟಗಾರರ ಚಲನೆ ಮತ್ತು ಶಕ್ತಿಯ ತರಬೇತಿ ನನ್ನ ಕೆಲಸ. ಕೋಚ್ ನನ್ನ ಮುಂದೆ ಎರಡು ಪ್ರಶ್ನೆ ಇಟ್ಟರು. ಇವನಿಗೆ ಕೈಕೊಡುತ್ತಿರುವುದು ಬ್ಯಾಲೆನ್ಸೋ, ಚೆಂಡಿನ ಹಿಡಿತವೋ? ಮತ್ತೆ, ಸೆಂಟರ್ ಬ್ಯಾಕ್‌ಗೆ ಇದೆಲ್ಲ ಅಷ್ಟೊಂದು ಬೇಕಾ? ಎರಡನೇ ಪ್ರಶ್ನೆ ಕೇಳಿದಾಗಲೇ ನನಗೆ ಒಂದು ಅನುಮಾನ ಬಂತು. ಈ ಹುಡುಗನನ್ನು ವರ್ಷಗಟ್ಟಲೆ ಇದೇ ಪ್ರಶ್ನೆಯ ನೆರಳಲ್ಲಿ ಬೆಳೆಸಿರಬಹುದು ಅಂತ.

ಅವನು ಸೆಂಟರ್ ಬ್ಯಾಕ್ ಆದದ್ದು ಹೇಗೆ

ಅವನನ್ನೇ ಕೇಳಿದೆ. "ನಾನು ಉದ್ದ ಇದ್ದೆ, ಅದಕ್ಕೆ ಹಿಂದೆ ನಿಲ್ಲಿಸಿದ್ರು" ಅಂದ. ಅಷ್ಟೇ ಕಥೆ. ಒಂಬತ್ತು ವರ್ಷದಲ್ಲೇ ಅವನು ಓರಗೆಯವರಿಗಿಂತ ಒಂದು ತಲೆ ಎತ್ತರ. ಎತ್ತರದವರು ಹಿಂದೆ ಅಥವಾ ಗೋಲಿನಲ್ಲಿ, ಚುರುಕಿನ ಸಣ್ಣ ಹುಡುಗರು ಅಂಚಿನಲ್ಲಿ, ಚೆಂಡು ಚೆನ್ನಾಗಿ ಆಡುವವರು ನಡುವೆ. ಎಳೆಯರ ತಂಡಗಳಲ್ಲಿ ಜಾಗ ಹಂಚುವುದು ಬಹುತೇಕ ಹೀಗೇ. ಇದರ ಹಿಂದೆ ಹುಟ್ಟಿದ ತಿಂಗಳೂ ಕೆಲಸ ಮಾಡುತ್ತದೆ. ವಯೋಮಿತಿಯ ವರ್ಷ ಶುರುವಾಗುವ ತಿಂಗಳುಗಳಲ್ಲಿ ಹುಟ್ಟಿದವರು ಅದೇ ಗುಂಪಿನ ಉಳಿದವರಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವರಾಗಿರಬಹುದು. ನಮ್ಮ ಹುಡುಗ ಹಾಗೆ ಮೊದಲ ತಿಂಗಳುಗಳಲ್ಲಿ ಹುಟ್ಟಿದವನು.

ಒಮ್ಮೆ ಹಿಂದೆ ನಿಂತ ಮೇಲೆ ಆಟವೇ ಅವನಿಗೆ ಬೇರೆ ಪಾಠ ಕಲಿಸಿತು. ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್‌ಗೆ ಚೆಂಡು ಬರುವಾಗ ಬೆನ್ನ ಹಿಂದೊಬ್ಬ, ಪಕ್ಕದಲ್ಲೊಬ್ಬ ಇರುತ್ತಾರೆ. ಅವನು ತಿರುಗಲೇಬೇಕು, ಮೈ ಅಡ್ಡ ಇಟ್ಟು ಚೆಂಡು ಕಾಯಲೇಬೇಕು. ಸಣ್ಣ ವಯಸ್ಸಿನ ಸೆಂಟರ್ ಬ್ಯಾಕ್‌ಗೆ ಇಡೀ ಆಟ ಎದುರಿಗೇ ಕಾಣುತ್ತದೆ. ಕಷ್ಟ ಬಂದಾಗ ಜೋರಾಗಿ ಒದ್ದರೆ ಅಂಚಿನಿಂದ ಚಪ್ಪಾಳೆಯೂ ಬರುತ್ತದೆ! ನಾಲ್ಕು ವರ್ಷ ಚಪ್ಪಾಳೆ ತಿಂದ ಅಭ್ಯಾಸ ಅದು. ಸುಮ್ನೆ ಬಿಡು ಅಂದರೆ ಬಿಡುತ್ತದಾ?

ಹೀಗಾಗಿ "ಸೆಂಟರ್ ಬ್ಯಾಕ್‌ಗಳ ಡ್ರಿಬ್ಲಿಂಗ್ (ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದು) ಕಡಿಮೆ ಇರುತ್ತೆ" ಅಂತ ಯಾರಾದರೂ ಅಳತೆ ಹಿಡಿದು ತೋರಿಸಿದರೆ, 13ರ ವಯಸ್ಸಿನಲ್ಲಿ ನಾನು ಅದನ್ನು ಆ ಜಾಗದ ಗುಣ ಅಂತ ಓದುವುದಿಲ್ಲ. ಅದು ಆ ಜಾಗದಲ್ಲಿ ನಿಲ್ಲಿಸಿದ್ದರ ಫಲ. ಈ ಪ್ರಕರಣದಲ್ಲಿ ನನ್ನ ವಾದವೆಲ್ಲ ಇದರ ಸುತ್ತಲೇ ಇದೆ.

ಬ್ಯಾಲೆನ್ಸ್ ಅಳೆದದ್ದು

ಒಬ್ಬನನ್ನೇ ಅಳೆದರೆ ಏನೂ ತಿಳಿಯುವುದಿಲ್ಲ. ಹಾಗಾಗಿ ಇಡೀ ತಂಡವನ್ನು ಅಳೆದೆವು. ಮೊದಲು ಕಣ್ಣು ತೆರೆದು ಒಂಟಿಗಾಲಲ್ಲಿ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ. ದೇಹ ಸಮತೋಲನ ಕಾಯುವುದು ಮೂರು ಕಡೆಯ ಸುದ್ದಿಯಿಂದ: ಕಣ್ಣು, ಒಳಕಿವಿ, ಮತ್ತು ಸ್ನಾಯು, ಕೀಲು, ಅಂಗಾಲುಗಳಿಂದ ಬರುವ ಸಂವೇದನೆ. ಕಣ್ಣು ಮುಚ್ಚಿದರೆ ಉಳಿದ ಎರಡರ ಬಂಡವಾಳ ಬಯಲಾಗುತ್ತದೆ. ಮೈದಾನದಲ್ಲೂ ಇದು ಮುಖ್ಯ. ಕಣ್ಣು ಚೆಂಡು ಮತ್ತು ಎದುರಾಳಿಯ ಮೇಲಿದ್ದಾಗ ಕಾಲಿನ ಕೆಲಸ ಕಾಲೇ ನೋಡಿಕೊಳ್ಳಬೇಕು.

ಕಣ್ಣು ತೆರೆದಾಗ ಹುಡುಗ ಎರಡೂ ಕಾಲಲ್ಲಿ ಸಲೀಸಾಗಿ ನಿಂತ. ಕಣ್ಣು ಮುಚ್ಚಿದಾಗ ಎಡಗಾಲು ಪರವಾಗಿಲ್ಲ. ಬಲಗಾಲು ಬೇಗ ಕೈಕೊಟ್ಟಿತು.

ಆಮೇಲೆ ವೈ ಬ್ಯಾಲೆನ್ಸ್ ಟೆಸ್ಟ್. ಒಂದು ಕಾಲಲ್ಲಿ ನಿಂತು, ಇನ್ನೊಂದು ಪಾದವನ್ನು ಮೂರು ದಿಕ್ಕಿಗೆ ಆದಷ್ಟು ದೂರ ಚಾಚಬೇಕು: ಮುಂದಕ್ಕೆ, ಹಿಂದೆ ಒಳಬದಿಗೆ, ಹಿಂದೆ ಹೊರಬದಿಗೆ. ಆಟದ ಜಾಗಗಳನ್ನು ಹೋಲಿಸುವವರು ಇಲ್ಲಿ ಸುಲಭವಾಗಿ ಎಡವುತ್ತಾರೆ. ಉದ್ದ ಕಾಲಿನವನು ದೂರ ಚಾಚೇ ಚಾಚುತ್ತಾನೆ. ಬರೀ ಸೆಂಟಿಮೀಟರ್ ನೋಡಿದರೆ ಸೆಂಟರ್ ಬ್ಯಾಕ್ ಮತ್ತು ಗೋಲ್‌ಕೀಪರ್‌ಗಳೇ ಬ್ಯಾಲೆನ್ಸ್‌ನ ರಾಜರಂತೆ ಕಾಣುತ್ತಾರೆ. ಅದಕ್ಕೇ ಮೂರೂ ದೂರ ಕೂಡಿಸಿ, ಕಾಲುದ್ದದ ಮೂರು ಪಟ್ಟಿನಿಂದ ಭಾಗಿಸಿ, 100ರಿಂದ ಗುಣಿಸುತ್ತಾರೆ. ಬೆಳೆಯುವ ಮಕ್ಕಳಲ್ಲಿ ಕಾಲುದ್ದವನ್ನು ಪ್ರತಿ ಸಲವೂ ಹೊಸದಾಗಿ ಅಳೆಯಬೇಕು. ಹಳೆಯ ಅಳತೆ ಇಟ್ಟುಕೊಂಡರೆ ಹುಡುಗ ಬೆಳೆದದ್ದನ್ನೇ ಸುಧಾರಣೆ ಅಂತ ಬರೆದುಕೊಳ್ಳುತ್ತೇವೆ.

ಹಾಗೆ ಭಾಗಿಸಿದ ಮೇಲೆ ನಮ್ಮ ಹುಡುಗ ಪಟ್ಟಿಯ ಮೇಲಿನಿಂದ ನಡುವಿಗೆ ಇಳಿದ. ಅದರಲ್ಲೇನೂ ವಿಶೇಷ ಇರಲಿಲ್ಲ. ವಿಶೇಷ ಇದ್ದದ್ದು ಎರಡು ಕಾಲಿನ ನಡುವಿನ ಅಂತರದಲ್ಲಿ. ಬಲಗಾಲಲ್ಲಿ ನಿಂತಾಗ ಮುಂದಕ್ಕೆ ಚಾಚುವ ದೂರ ಎಡಗಾಲಿನದಕ್ಕಿಂತ ಸ್ಪಷ್ಟವಾಗಿ ಕಡಿಮೆ. 4 ಸೆಂಟಿಮೀಟರ್‌ಗಿಂತ ಜಾಸ್ತಿ. ಈ 4 ಸೆಂ.ಮೀ. ಗಡಿ ಬಂದದ್ದು ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ಮುಂದಿನ ದಿಕ್ಕಿನಲ್ಲಿ ಎರಡು ಕಾಲಿನ ಅಂತರ ಅದಕ್ಕಿಂತ ಹೆಚ್ಚಿದ್ದವರಿಗೆ ಕಾಲಿನ ಗಾಯದ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಇತ್ತು. ಆಟ ಬೇರೆ, ವಯಸ್ಸು ಬೇರೆ. ಹಾಗಾಗಿ ಅದನ್ನು ತೀರ್ಪು ಅಂತ ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ನೋಡು ಅನ್ನುವ ಸೂಚನೆ ಅಂತ ತೆಗೆದುಕೊಂಡೆ.

ಇನ್ನೊಮ್ಮೆ ನೋಡಿದಾಗ ಬಲಪಾದದ ಗಂಟು ಸ್ವಲ್ಪ ಬಿಗಿ ಇರುವುದು ಗೊತ್ತಾಯಿತು. ಹಿಮ್ಮಡಿ ನೆಲದಲ್ಲೇ ಇಟ್ಟು ಮೊಣಕಾಲನ್ನು ಗೋಡೆಗೆ ತಾಗಿಸುವ ಸರಳ ಪರೀಕ್ಷೆಯಲ್ಲಿ ಬಲಗಾಲು ಹಿಂದೆ ಬಿತ್ತು. ಮುಂದಕ್ಕೆ ಚಾಚುವ ದೂರ ಪಾದದ ಗಂಟು ಎಷ್ಟು ಮಡಚುತ್ತದೆ ಅನ್ನುವುದರ ಮೇಲೂ ನಿಂತಿದೆ. ಅಂದರೆ ಕೊರತೆಯ ಒಂದು ಭಾಗ ಬ್ಯಾಲೆನ್ಸೇ ಅಲ್ಲ, ಮೀನಖಂಡದ ಬಿಗಿತ.

ಚೆಂಡಿನ ಲೆಕ್ಕ

ಚೆಂಡಿನ ಹಿಡಿತಕ್ಕೆ ಕೋನ್‌ಗಳ ನಡುವೆ ಅಂಕುಡೊಂಕು ಓಟ. ಮೊದಲು ಚೆಂಡಿಲ್ಲದೆ, ಆಮೇಲೆ ಚೆಂಡಿನ ಜೊತೆ. ಚೆಂಡಿನ ಓಟದ ಸಮಯದಿಂದ ಬರೀ ಓಟದ ಸಮಯ ಕಳೆದರೆ ಚೆಂಡಿನಿಂದ ಎಷ್ಟು ನಿಧಾನವಾಯಿತು ಅಂತ ಸಿಗುತ್ತದೆ. ಬರೀ ಡ್ರಿಬ್ಲಿಂಗ್ ಸಮಯ ನೋಡಿದರೆ ವೇಗದ ಓಟಗಾರನನ್ನು ಒಳ್ಳೆಯ ಡ್ರಿಬ್ಲರ್ ಅಂದುಬಿಡುತ್ತೇವೆ. ಈ ವ್ಯತ್ಯಾಸದ ಲೆಕ್ಕಕ್ಕೂ ಒಂದು ಕೊಂಕಿದೆ. ಓಟದಲ್ಲಿ ತುಂಬಾ ವೇಗ ಇರುವವನಿಗೆ ಕಳೆದುಕೊಳ್ಳಲು ಜಾಸ್ತಿ ಇರುತ್ತದೆ. ಬಲ ಅಂಚಿನಲ್ಲಿ ಮುಂದೆ ಆಡುವ ನಮ್ಮ ವಿಂಗರ್‌ನ ಕಥೆ ಅದೇ. ಚೆಂಡಿನ ಜೊತೆಗೂ ಅವನೇ ಮೊದಲಿಗ. ವ್ಯತ್ಯಾಸ ಲೆಕ್ಕ ಹಾಕಿದರೆ ಮಾತ್ರ ನಡುವಿನವನು. ಅವನ ಮುಖ ಸಪ್ಪಗಾಯಿತು, ಪಾಪ. ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು ಅಂತ ಅವನಿಗೂ ಕೋಚ್‌ಗೂ ಹೇಳಬೇಕಾಯಿತು.

ನಮ್ಮ ಸೆಂಟರ್ ಬ್ಯಾಕ್ ಚೆಂಡಿಲ್ಲದೆ ಓಡಿದಾಗ ತಂಡದ ನಡುವೆ ಇದ್ದ. ಚೆಂಡು ಕೊಟ್ಟಾಗ ಕೊನೆಯವನಾದ. ಗೋಲ್‌ಕೀಪರ್‌ಗಿಂತಲೂ ಹಿಂದೆ! ಉಳಿದವರು ನಕ್ಕರು. ನನಗೆ ಆಶ್ಚರ್ಯ ಆಗಲಿಲ್ಲ. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂದ ಮೇಲೆ, ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. 2019ರಿಂದ ಗೋಲ್‌ಕಿಕ್ (ಗೋಲಿನ ಹತ್ತಿರದಿಂದ ಆಟ ಮತ್ತೆ ಶುರುಮಾಡುವ ಒದೆತ) ಗೋಲಿನ ಮುಂದಿನ ಪೆನಾಲ್ಟಿ ಏರಿಯಾ ದಾಟಬೇಕಾಗಿಲ್ಲ, ಒದ್ದ ಕೂಡಲೇ ಚೆಂಡು ಆಟದಲ್ಲಿ. ಕೀಪರ್ ಪಕ್ಕದ ಸೆಂಟರ್ ಬ್ಯಾಕ್‌ಗೆ ಕೊಡುತ್ತಾನೆ, ಎದುರಾಳಿ ಅಲ್ಲೇ ಬಂದು ಮುತ್ತುತ್ತಾನೆ. ಈ ತಂಡದ ಕೀಪರ್‌ಗೆ ಕಾಲಾಟ ಕಲಿಸಿದ್ದರು. ಅವನಿಂದ ಚೆಂಡು ಪಡೆಯಬೇಕಾದವನಿಗೆ ಕಲಿಸಿರಲಿಲ್ಲ. ಕೋಚ್‌ರ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು.

ಒಂದೊಂದೇ ಕಾಲಲ್ಲಿ ಓಡಿಸಿದಾಗ ಚಿತ್ರ ಇನ್ನೂ ತಿಳಿಯಾಯಿತು. ಬಲಗಾಲಲ್ಲಿ ಮಾತ್ರ ಆಡಿದಾಗ ಅವನು ಅಷ್ಟೇನೂ ಕೆಟ್ಟವನಲ್ಲ. ಎಡಗಾಲಲ್ಲಿ ಮಾತ್ರ ಅಂದಾಗ ಚೆಂಡು ಎಲ್ಲೆಲ್ಲೋ ಹೋಯಿತು. ಎಡಗಾಲು ಚೆಂಡು ಮುಟ್ಟುವ ಪ್ರತಿ ಸಲ ಮೈಭಾರ ಹೊರುವುದು ಬಲಗಾಲು. ಕಣ್ಣು ಮುಚ್ಚಿದಾಗ ಕೈಕೊಟ್ಟ ಕಾಲು ಅದೇ.

ಈಗ ಅವನ ಜಾಗ ನೋಡಿ. ಬಲಗಾಲಿನ ಹುಡುಗ, ಆದರೆ ಇಬ್ಬರು ಸೆಂಟರ್ ಬ್ಯಾಕ್‌ಗಳಲ್ಲಿ ಎಡಗಡೆಯವನು. ಎದುರಾಳಿ ಸ್ಟ್ರೈಕರ್ ಮೈದಾನದ ನಡುವಿನಿಂದ, ಅಂದರೆ ಅವನ ಬಲಗಡೆಯಿಂದ ನುಗ್ಗುತ್ತಾನೆ. ಬಲಗಾಲಿನ ಪಾಸ್‌ನ ದಾರಿ ಮುಚ್ಚಿಹೋಗುತ್ತದೆ. ಉಳಿಯುವುದು ಒಂದೇ: ಬಲಗಾಲಿನ ಮೇಲೆ ನಿಂತು ಎಡಗಾಲಿನಿಂದ ಅಂಚಿನ ಕಡೆಗೆ ಆಡುವುದು. ಅವನಿಗೆ ಬಾರದೇ ಇದ್ದದ್ದು ಸರಿಯಾಗಿ ಅದೇ. ಯಾರೂ ಮುಟ್ಟದೆಯೇ ಬೀಳುತ್ತಾನೆ ಅಂದೆನಲ್ಲ, ವಿಡಿಯೊ ನೋಡಿದಾಗ ಅಂಥ ಬಹುತೇಕ ಬೀಳುವಿಕೆ ಈ ಕ್ಷಣದಲ್ಲೇ ಆಗಿತ್ತು. ಬಲಗಡೆಯ ಸೆಂಟರ್ ಬ್ಯಾಕ್ ಆಗಿದ್ದಿದ್ದರೆ ಈ ಕೊರತೆ ಇನ್ನೂ ಕೆಲವು ವರ್ಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ.

ಕೊನೆಗೊಂದು ಪರೀಕ್ಷೆ. ಅದೇ ಕೋನ್‌ಗಳ ಓಟ, ಆದರೆ ಎದುರಿಗೆ ಒಬ್ಬ ಬೆರಳು ತೋರಿಸುತ್ತಾ ಇರುತ್ತಾನೆ. ಎಷ್ಟು ಬೆರಳು ಅಂತ ಕೂಗಿ ಹೇಳುತ್ತಾ ಡ್ರಿಬಲ್ ಮಾಡಬೇಕು. ಎಲ್ಲರೂ ನಿಧಾನವಾದರು. ನಡುವಿನ ಮಿಡ್‌ಫೀಲ್ಡರ್‌ಗಳು ಕಡಿಮೆ ನಿಧಾನವಾದರು. ತಲೆ ಎತ್ತಿ ಆಡುವುದು ಅವರಿಗೆ ದಿನದ ಕೆಲಸ. ಅವರಲ್ಲೊಬ್ಬ, ತಂಡದ ಅತಿ ಗಿಡ್ಡ ಹುಡುಗ, ಚೆಂಡಿನ ಎಲ್ಲ ಪರೀಕ್ಷೆಯಲ್ಲೂ ಮುಂದಿದ್ದ. ಆದರೆ ಕಣ್ಣು ಮುಚ್ಚಿ ನಿಲ್ಲುವುದರಲ್ಲಿ ಸಾಧಾರಣ. ಇದನ್ನು ಕೋಚ್ ನಂಬಲೇ ಇಲ್ಲ. ನಿಂತಲ್ಲೇ ನಿಲ್ಲುವ ಬ್ಯಾಲೆನ್ಸ್ ಬೇರೆ, ಓಡುತ್ತಾ ತಿರುಗುತ್ತಾ ಕಾಯುವ ಬ್ಯಾಲೆನ್ಸ್ ಬೇರೆ. ಒಂದರಲ್ಲಿ ಚೆನ್ನಾಗಿರುವವನು ಇನ್ನೊಂದರಲ್ಲೂ ಚೆನ್ನಾಗಿರಬೇಕೆಂದಿಲ್ಲ. ಬ್ಯಾಲೆನ್ಸ್ ಬೋರ್ಡ್ ಮೇಲೆ ಗಂಟೆಗಟ್ಟಲೆ ನಿಲ್ಲಿಸಿದರೆ ಬೋರ್ಡ್ ಮೇಲೆ ನಿಲ್ಲುವುದು ಚೆನ್ನಾಗಿ ಬರುತ್ತದೆ, ಅಷ್ಟೇ.

ಬೆಳವಣಿಗೆ

ಇಷ್ಟೆಲ್ಲ ಲೆಕ್ಕದ ಜೊತೆ ಅವನ ಎತ್ತರದ ದಾಖಲೆ ಇಡದಿದ್ದರೆ ಓದು ಅರ್ಧವೇ. ಹುಡುಗರಲ್ಲಿ ಎತ್ತರ ಅತಿ ವೇಗವಾಗಿ ಏರುವುದು ಸರಾಸರಿ 14ರ ಆಸುಪಾಸು. ಹುಡುಗಿಯರಲ್ಲಿ ಸುಮಾರು ಎರಡು ವರ್ಷ ಮೊದಲು. ಆ ಹೊತ್ತಿನಲ್ಲಿ ಹುಡುಗರು ವರ್ಷಕ್ಕೆ 9-10 ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯ. ಕಾಲು ಮೊದಲು ಉದ್ದವಾಗುತ್ತದೆ, ಮುಂಡ ಆಮೇಲೆ. ಮೈಯ ಭಾರಕೇಂದ್ರ ಮೇಲೇರುತ್ತದೆ, ಸ್ನಾಯುವಿನ ಬಲ ಸ್ವಲ್ಪ ತಡವಾಗಿ ಬರುತ್ತದೆ. ಸ್ಟೂಲ್ ಇದ್ದ ಜಾಗದಲ್ಲಿ ಏಣಿ ನಿಲ್ಲಿಸಿದ ಹಾಗೆ. ಎಲ್ಲ ಹುಡುಗರೂ ಈ ಹೊತ್ತಿನಲ್ಲಿ ತಡವರಿಸುವುದಿಲ್ಲ. ಇವನು ತಡವರಿಸುವವರ ಗುಂಪಿನವನು. ಮೀನಖಂಡದ ಬಿಗಿತಕ್ಕೂ ಇದೇ ಕಾರಣ ಇರಬಹುದು. ಮೂಳೆಯ ವೇಗಕ್ಕೆ ಸ್ನಾಯು ಹಿಂದೆ ಬೀಳುವುದು ಈ ವಯಸ್ಸಿನಲ್ಲಿ ಕಾಣುವಂಥದ್ದೇ.

ಇದರ ಮೇಲೆ ಅದೇ ವರ್ಷ ತಂಡ 9 ಜನರ ಆಟದಿಂದ 11 ಜನರ ಆಟಕ್ಕೆ, 4ನೇ ಅಳತೆಯ ಚೆಂಡಿನಿಂದ 5ನೇ ಅಳತೆಗೆ ಬಂದಿತ್ತು. 4ನೇ ಅಳತೆಯದು ಸುಮಾರು 350ರಿಂದ 390 ಗ್ರಾಂ. 5ನೆಯದು 410ರಿಂದ 450 ಗ್ರಾಂ, ಸುತ್ತಳತೆ 68ರಿಂದ 70 ಸೆಂ.ಮೀ. ಉದ್ದವಾದ ಕಾಲು, ಭಾರದ ಚೆಂಡು, ದೊಡ್ಡ ಮೈದಾನ. ಮೂರೂ ಒಟ್ಟಿಗೆ. "ಹೋದ ವರ್ಷ ಚೆನ್ನಾಗಿದ್ದ, ಈ ವರ್ಷ ಏನಾಯ್ತೋ" ಅಂತ ಅವನ ಅಪ್ಪ ಗೊಣಗುತ್ತಿದ್ದರು. ಆದದ್ದು ಇದೇ.

ಮಾಡಿದ್ದು

ಇವನಿಗೊಂದು ವಿಶೇಷ ಕಾರ್ಯಕ್ರಮ ಬರೆದುಕೊಡಿ ಅಂತ ಕೋಚ್ ಕೇಳಿದರು. ಬರೆಯಲಿಲ್ಲ. ಒಬ್ಬನನ್ನೇ ಪಕ್ಕಕ್ಕೆ ನಿಲ್ಲಿಸಿ ಕಸರತ್ತು ಮಾಡಿಸಿದರೆ 13ರ ಹುಡುಗ ಅದನ್ನು ಶಿಕ್ಷೆ ಅಂತಲೇ ತಿಳಿಯುತ್ತಾನೆ. ಬದಲಿಗೆ ಇಡೀ ತಂಡದ ವಾರ್ಮ್‌ಅಪ್ ಬದಲಾಯಿಸಿದೆವು. ಫಿಫಾ 11+ ಅನ್ನುವ ಸುಮಾರು 20 ನಿಮಿಷದ ವಾರ್ಮ್‌ಅಪ್ ಇದೆ. ಅದರಲ್ಲಿ ಒಂಟಿಗಾಲಿನ ಸಮತೋಲನ, ಜಿಗಿತ, ಬಲ ಎಲ್ಲ ಸೇರಿದೆ. 7ರಿಂದ 13 ವರ್ಷದವರಿಗೆ 11+ ಕಿಡ್ಸ್ ಅಂತ ಬೇರೆಯೇ ಇದೆ. ಯೂರೋಪಿನ ನಾಲ್ಕು ದೇಶಗಳ ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಮಾಡಿದ ತಂಡಗಳಲ್ಲಿ ಗಾಯಗಳು 48% ಕಡಿಮೆಯಾಗಿದ್ದವು. ನಮ್ಮ ಹುಡುಗರು ಎರಡರ ಗಡಿಯಲ್ಲಿದ್ದರು. ಎರಡರಿಂದಲೂ ಬೇಕಾದ್ದು ತೆಗೆದುಕೊಂಡೆವು.

ಬದಲಾವಣೆ ಚಿಕ್ಕದು. ಒಂಟಿಗಾಲಲ್ಲಿ ನಿಲ್ಲುವ ಪ್ರತಿ ಕಸರತ್ತಿಗೂ ಚೆಂಡು ಸೇರಿಸಿದೆವು. ಬಲಗಾಲಲ್ಲಿ ನಿಂತು, ಎಡಗಾಲಲ್ಲಿ ಗೆಳೆಯ ಉರುಳಿಸಿದ ಚೆಂಡನ್ನು ತಡೆದು ವಾಪಸ್ ಕೊಡಬೇಕು. ಸ್ವಲ್ಪ ದಿನದ ನಂತರ ಗೆಳೆಯ ಹೆಗಲಿಗೆ ಮೆಲ್ಲಗೆ ತಳ್ಳುತ್ತಾನೆ. ಆಮೇಲೆ ಬೆರಳು ತೋರಿಸುತ್ತಾನೆ. ಮೀನಖಂಡಕ್ಕೆ ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಏರಿಸಿ ಇಳಿಸುವುದು. ಇದೊಂದು ಮಾತ್ರ ಮನೆಯ ಕೆಲಸ.

ಹೇಳುವ ರೀತಿಯೂ ಬದಲಾಯಿತು. "ಮೊಣಕಾಲು ಮಡಚು, ಗಂಟು ಗಟ್ಟಿ ಮಾಡು" ಅನ್ನುವುದನ್ನು ಬಿಟ್ಟೆವು. "ಚೆಂಡನ್ನು ಅವನ ದೂರದ ಕಾಲಿಗೆ ತಲುಪಿಸು" ಅನ್ನತೊಡಗಿದೆವು. ಗಮನ ಮೈಯ ಭಾಗದ ಮೇಲಿರುವುದಕ್ಕಿಂತ ಹೊರಗಿನ ಫಲದ ಮೇಲಿದ್ದಾಗ ಸಮತೋಲನವೂ ಕಲಿಕೆಯೂ ಸುಧಾರಿಸುತ್ತದೆ ಅಂತ ಗ್ಯಾಬ್ರಿಯೆಲ್ ವುಲ್ಫ್ ಮತ್ತು ಅವರ ಜೊತೆಗಾರರು 1990ರ ದಶಕದ ಕೊನೆಯಿಂದ ಮತ್ತೆ ಮತ್ತೆ ತೋರಿಸಿದ್ದಾರೆ. ಕೋಚ್‌ಗಳಿಗೆ ಇದನ್ನು ಒಪ್ಪಿಸುವುದು ಮಾತ್ರ ಕಷ್ಟ. ಕಾಲಿನ ಬಗ್ಗೆ ಕೂಗದಿದ್ದರೆ ಕೆಲಸ ಮಾಡಿದ ಹಾಗೇ ಅನ್ನಿಸುವುದಿಲ್ಲ ಅವರಿಗೆ.

ನಿಜವಾದ ಜಗಳ ಆದದ್ದು ಅಭ್ಯಾಸದ ಪಂದ್ಯಗಳ ವಿಷಯಕ್ಕೆ. ನಾಲ್ಕು ಜನರ ಎದುರು ನಾಲ್ಕು ಜನರ ಆಟಗಳನ್ನು ಹೆಚ್ಚಿಸಬೇಕು, ದೊಡ್ಡ ಅಭ್ಯಾಸ ಪಂದ್ಯಗಳಲ್ಲಿ ಈ ಹುಡುಗ ಅರ್ಧ ಹೊತ್ತು ಮಿಡ್‌ಫೀಲ್ಡ್‌ನಲ್ಲಿ ಆಡಬೇಕು ಅಂದೆ. ಸಣ್ಣ ಆಟದಲ್ಲಿ ಪ್ರತಿಯೊಬ್ಬನಿಗೂ ಚೆಂಡು ಜಾಸ್ತಿ ಸಿಗುತ್ತದೆ, ಒತ್ತಡವೂ ಸುತ್ತಲಿಂದ ಬರುತ್ತದೆ. ಕೋಚ್‌ಗೆ ಭಯ. ಜಾಗ ಬದಲಿಸಿದರೆ ಹುಡುಗ ಗೊಂದಲಕ್ಕೆ ಬೀಳುತ್ತಾನೆ, ಶನಿವಾರದ ಪಂದ್ಯ ಸೋಲುತ್ತೇವೆ ಅಂತ. ಅಪ್ಪನಿಗೆ ಅದರ ಉಲ್ಟಾ ಆಸೆ. ಮಿಡ್‌ಫೀಲ್ಡರ್ ಆಗಿಯೇ ಬಿಡಲಿ ಅಂತ. ಅಲ್ಫೋನ್ಸೊ ಡೇವಿಸ್ ವಿಂಗರ್ ಆಗಿ ಬೆಳೆದು ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್‌ನಲ್ಲಿ ಲೆಫ್ಟ್ ಬ್ಯಾಕ್ ಆದದ್ದನ್ನು, ಅದೇ ಕ್ಲಬ್ಬಿನ ಫಿಲಿಪ್ ಲಾಮ್ ವರ್ಷಗಳ ಕಾಲ ಫುಲ್ ಬ್ಯಾಕ್ (ಅಂಚಿನಲ್ಲಿ ನಿಂತು ಕಾಯುವವನು) ಆಗಿ ಆಡಿ 2013ರಲ್ಲಿ ಮಿಡ್‌ಫೀಲ್ಡ್‌ಗೆ ಬಂದದ್ದನ್ನು ಇಬ್ಬರ ಮುಂದೆಯೂ ಇಟ್ಟೆ. ಅವರಿಗೆ ಜಾಗ ಬದಲಿಸಲು ಆದದ್ದು ಕಾಲಲ್ಲಿ ಒಂದಕ್ಕಿಂತ ಹೆಚ್ಚು ಜಾಗದ ಆಟ ಇದ್ದದ್ದಕ್ಕೆ. ಹದಿಮೂರಕ್ಕೇ ಒಂದು ಜಾಗದ ಬಾಗಿಲು ಮುಚ್ಚಿ ಇನ್ನೊಂದರ ಬೀಗ ಹಾಕುವುದು ಯಾಕೆ? ಅಪ್ಪ ಸುಮ್ಮನಾದರು. ಕೋಚ್ ಅಭ್ಯಾಸಕ್ಕೆ ಮಾತ್ರ ಒಪ್ಪಿದರು, ಪಂದ್ಯಕ್ಕೆ ಒಪ್ಪಲಿಲ್ಲ.

ಸೀಸನ್ ಮುಗಿದಾಗ

ಸೀಸನ್ ಕೊನೆಯಲ್ಲಿ ಮತ್ತೆ ಅಳೆದೆವು. ಎರಡು ಕಾಲಿನ ನಡುವಿನ ಮುಂಚಾಚಿನ ಅಂತರ ಕಡಿಮೆಯಾಗಿ 4 ಸೆಂ.ಮೀ.ಗಿಂತ ಒಳಗೆ ಬಂದಿತ್ತು. ಗೋಡೆಯ ಪರೀಕ್ಷೆಯಲ್ಲೂ ಬಲಗಾಲು ಸುಧಾರಿಸಿತ್ತು. ಹಾಗಾಗಿ ಈ ಗೆಲುವಿನಲ್ಲಿ ಮೀನಖಂಡದ ಪಾಲೆಷ್ಟು, ಸಮತೋಲನದ ಪಾಲೆಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಕಣ್ಣು ಮುಚ್ಚಿ ಬಲಗಾಲಲ್ಲಿ ನಿಲ್ಲುವುದು ಹೆಚ್ಚೇನೂ ಬದಲಾಗಿರಲಿಲ್ಲ. ಅವನು ಇನ್ನೂ ಬೆಳೆಯುತ್ತಲೇ ಇದ್ದ.

ಎದ್ದು ಕಂಡದ್ದು ಚೆಂಡಿನ ಲೆಕ್ಕ. ಚೆಂಡಿನಿಂದ ಆಗುವ ನಿಧಾನ ಚೆನ್ನಾಗಿ ಇಳಿದಿತ್ತು, ಎಡಗಾಲಿನ ಓಟದಲ್ಲಿ ಇನ್ನೂ ಜಾಸ್ತಿ. ಈಗ ಅವನು ಕೊನೆಯವನಲ್ಲ. ಇಬ್ಬರು ಫುಲ್ ಬ್ಯಾಕ್‌ಗಳು ಅವನ ಹಿಂದಿದ್ದರು. ಅದು ಕೋಚ್‌ಗೆ ಹೊಸ ತಲೆನೋವು. ಬೆರಳು ಎಣಿಸುವ ಓಟದಲ್ಲಿ ಮಾತ್ರ ಅವನು ಹೆಚ್ಚು ಮುಂದೆ ಬರಲಿಲ್ಲ. ತಲೆ ಎತ್ತಿ ಆಡುವುದು ಒಂದು ಸೀಸನ್ನಿನಲ್ಲಿ ಬರುವ ವಿದ್ಯೆ ಅಲ್ಲ ಅನ್ನಿಸುತ್ತದೆ.

ಪಂದ್ಯದಲ್ಲಿ? ಬೀಳುವುದು ಕಡಿಮೆಯಾಯಿತು. ತಪ್ಪು ಪಾಸ್ ಜಾಸ್ತಿಯಾಯಿತು. ಮೊದಲು ಒದ್ದು ಕಳಿಸುತ್ತಿದ್ದ ಚೆಂಡನ್ನು ಈಗ ಆಡಲು ನೋಡುತ್ತಾನಲ್ಲ, ಅದಕ್ಕೆ. ಅಂಥ ಒಂದು ಪಾಸ್ ಎದುರಾಳಿಗೆ ಸಿಕ್ಕಿ ಗೋಲೂ ಆಯಿತು. ಅವತ್ತು ಕೋಚ್ ಅವನನ್ನು ಹೊರಗೆ ಕರೆಸಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ನಿರ್ಧಾರ ಅದು. ಹೊರಗೆ ಕರೆಸಿದ್ದರೆ ಮುಂದಿನ ಪಂದ್ಯದಿಂದಲೇ ಚೆಂಡು ಮತ್ತೆ ಆಕಾಶಕ್ಕೆ ಹೋಗುತ್ತಿತ್ತು.

ಮುಂದಿನ ಸೀಸನ್ನಿಗೆ ಅವನು ಎಡಗಡೆಯ ಸೆಂಟರ್ ಬ್ಯಾಕ್ ಆಗಿಯೇ ಇರುತ್ತಾನೆ. ಬಲಗಡೆಗೆ ಕಳಿಸಿದರೆ ಸುಲಭವಾಗುತ್ತದೆ, ಆದರೆ ಎಡಗಾಲಿನ ಕೆಲಸ ನಿಂತುಹೋಗುತ್ತದೆ. ತಿಂಗಳಿಗೊಮ್ಮೆ ಎತ್ತರ ಅಳೆಯುವುದು ಮುಂದುವರಿಯುತ್ತದೆ. ಮೊಣಕಾಲ ಕೆಳಗೆ ನೋವು ಅಂತ ಹೇಳಿದ ವಾರ ಜಿಗಿತ ಕಡಿಮೆ ಮಾಡುತ್ತೇವೆ, ನೋವು ಬಿಡದಿದ್ದರೆ ವೈದ್ಯರಿಗೆ ತೋರಿಸುತ್ತೇವೆ. ಅಭ್ಯಾಸದಲ್ಲಿ ಮಿಡ್‌ಫೀಲ್ಡ್ ಸರದಿ ಈಗ ಇಬ್ಬರು ಫುಲ್ ಬ್ಯಾಕ್‌ಗಳಿಗೂ ಬಂದಿದೆ. ಆ ಗಿಡ್ಡ ಮಿಡ್‌ಫೀಲ್ಡರ್‌ನನ್ನು ಕೆಲವು ಹೊತ್ತು ಸೆಂಟರ್ ಬ್ಯಾಕ್‌ನಲ್ಲಿ ನಿಲ್ಲಿಸೋಣ ಅಂತ ಹೇಳಿದ್ದೇನೆ. ಕೋಚ್ ಇನ್ನೂ ಉತ್ತರ ಕೊಟ್ಟಿಲ್ಲ.